ಸೆಟ್ಟಿಂಗ್ ತೆರೆಯದವರು ಮಕ್ಕಳಿಗೆ ಬೈಯಬೇಡಿ

ಜಮಾಅತಿನ ಕಾರ್ಯಕ್ರಮ ಇರಲಿ, ಮದುವೆ ಮನೆಯ ಊಟದ ಟೇಬಲ್ ಇರಲಿ, ಈಗ ಎಲ್ಲ ಕಡೆ ಒಂದೇ ಭಾಷಣ. ಮೊಬೈಲ್ ಗೇಮಿನಿಂದ ನಮ್ಮ ಮಕ್ಕಳ ಬ್ಯಾರಿ ಹೋಯಿತು, ಕನ್ನಡವೂ ಹೋಯಿತು, ಕಾರ್ ರೇಸ್ ಆಡಿ ಆಡಿ ಮಕ್ಕಳು ಮನೆಯಲ್ಲೂ ಇಂಗ್ಲಿಷ್, ಹಿಂದಿ ಒದರುತ್ತಾರೆ. ಭಾಷಣ ಮಾಡಿದವರು ಚಪ್ಪಾಳೆ ತೆಗೆದುಕೊಂಡು ಕೂರುತ್ತಾರೆ. ಮನೆಗೆ ಹೋದ ಮೇಲೆ ಅದೇ ಫೋನನ್ನು ಅದೇ ಮಗುವಿನ ಕೈಗೆ ಕೊಟ್ಟು ತಾವು ಇನ್ನೊಂದು ಫೋನ್ ಹಿಡಿದು ಮಲಗುತ್ತಾರೆ.

ಅವರಿಗೆಲ್ಲ ನನ್ನದು ಒಂದೇ ಪ್ರಶ್ನೆ. ಆ ರೇಸ್ ಗೇಮಿನ ಮೂಲೆಯಲ್ಲಿ ಹಲ್ಲುಚಕ್ರದ ಒಂದು ಗುರುತು ಇದೆಯಲ್ಲ, ಅದನ್ನು ಒಮ್ಮೆಯಾದರೂ ಒತ್ತಿದ್ದೀರಾ? ಅದರೊಳಗೆ ಸದ್ದಿಗೆ ಒಂದು ಪುಟ ಇದೆ, ಭಾಷೆಗೆ ಒಂದು ಪುಟ ಇದೆ. ಮಗು ದಿನಕ್ಕೆ ಒಂದು ಗಂಟೆ ಕೇಳುವ ಸದ್ದು ಯಾವುದು, ಓದುವ ಅಕ್ಷರ ಯಾವುದು ಎಂದು ತೀರ್ಮಾನ ಆಗುವುದು ಅಲ್ಲಿ. ಆ ಪುಟ ತೆರೆಯದೆ ಮಗುವಿಗೆ ಬೈಯುವುದು, ಗಾಡಿಗೆ ಆಯಿಲ್ ಹಾಕದೆ ಎಂಜಿನ್ ಸೀಜ್ ಆಯಿತು ಎಂದು ಡ್ರೈವರನಿಗೆ ಬೈದ ಹಾಗೆ.

ಗೇಮ್ ಒಳ್ಳೆಯದೋ ಕೆಟ್ಟದ್ದೋ ಎನ್ನುವ ಚರ್ಚೆ ಇಲ್ಲಿ ಬೇಡ. ಎಷ್ಟು ಹೊತ್ತು ಆಡಬೇಕು ಎಂಬುದನ್ನು ಆಯಾ ಮನೆಯವರು ನೋಡಿಕೊಳ್ಳಲಿ. ಆದರೆ ಕೊಡುವುದೇ ಆದರೆ ಕಂಪೆನಿಯವರು ಇಟ್ಟ ಸೆಟ್ಟಿಂಗಿನಲ್ಲೇ ಏಕೆ ಕೊಡುತ್ತೀರಿ? ನನ್ನ ತಕರಾರು ಅಷ್ಟೇ.

ಗೆರೆ ಎಳೆದವರು ನಮ್ಮನ್ನು ಕೇಳಲಿಲ್ಲ

ನಾನು ಕರಾವಳಿಯ ಒಬ್ಬ ದಿನಸಿ ಅಂಗಡಿಯವರ ಮಗ. ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ ಕೆಲಸ ಹುಡುಕುತ್ತ ತೆಲಂಗಾಣದ ಜಹೀರಾಬಾದಿಗೆ ಬಂದವನು. ಇಲ್ಲಿ ಮಹೀಂದ್ರಾ ಕಂಪೆನಿಯ ದೊಡ್ಡ ಟ್ರ್ಯಾಕ್ಟರ್ ಕಾರ್ಖಾನೆ ಇದೆ, ಸುತ್ತಮುತ್ತ ಸಣ್ಣ ಸಣ್ಣ ವರ್ಕ್‌ಶಾಪುಗಳಿವೆ. ಅಂಥ ಒಂದು ಸಣ್ಣ ಕಡೆ ನನ್ನ ದುಡಿಮೆ. ಸರ್ವಿಸ್ ಕೆಲಸಕ್ಕೆ ನಾರಾಯಣಖೇಡಕ್ಕೆ ಹೋಗುತ್ತೇನೆ, ಕಲ್ಲು ಪಾಲಿಶ್ ಮಾಡುವ ಮೆಷಿನುಗಳಿಗಾಗಿ ತಾಂಡೂರಿಗೂ ಹೋಗುತ್ತೇನೆ. ಹಾಗಾಗಿ ಈ ಮೂರು ಊರಿನ ಮಾತು ದಿನಾ ಕಿವಿಗೆ ಬೀಳುತ್ತದೆ.

ಈ ಊರುಗಳ ಕತೆ ನಮ್ಮವರಿಗೆ ಗೊತ್ತಿರಬೇಕು, ಏಕೆಂದರೆ ಅದು ನಮ್ಮದೇ ಕತೆ. 1956ರ ನವೆಂಬರ್ 1ರಂದು ರಾಜ್ಯಗಳನ್ನು ಮರುವಿಂಗಡಿಸಿದ ಕಾಯ್ದೆ ಜಾರಿಯಾದಾಗ ದಕ್ಷಿಣ ಕನ್ನಡದ ಕಾಸರಗೋಡು ತಾಲೂಕು ಕೇರಳಕ್ಕೆ ಹೋಯಿತು. ಮಂಜೇಶ್ವರ, ಕುಂಬಳೆ ಕಡೆಯ ಬ್ಯಾರಿ ಮನೆಗಳಿಗೆ ಅದರ ಬಿಸಿ ಇವತ್ತಿಗೂ ಗೊತ್ತು. ಅದೇ ದಿನ, ಅದೇ ಕಾಯ್ದೆಯಿಂದ, ಬೀದರ್ ಜಿಲ್ಲೆಯ ನಾರಾಯಣಖೇಡ ತಾಲೂಕು ಮತ್ತು ಜಹೀರಾಬಾದ್ ತಾಲೂಕಿನ ಬಹುಭಾಗ, ಗುಲ್ಬರ್ಗ ಜಿಲ್ಲೆಯ ತಾಂಡೂರು ಮತ್ತು ಕೊಡಂಗಲ್ ತಾಲೂಕುಗಳು ಆಂಧ್ರಪ್ರದೇಶಕ್ಕೆ ಸೇರಿದವು. ಜಹೀರಾಬಾದಿನಿಂದ ಬೀದರ್ ಸುಮಾರು 30 ಕಿಲೋಮೀಟರ್. ತಾಂಡೂರಿನ ನೆಲದ ಕಲ್ಲನ್ನು ಈಚೆ ತಾಂಡೂರು ಕಲ್ಲು ಅನ್ನುತ್ತಾರೆ, ಅದೇ ಬಗೆಯ ಕಲ್ಲಿಗೆ ಗಡಿಯ ಆಚೆ ಶಹಾಬಾದ್ ಕಲ್ಲು ಎಂದು ಹೆಸರು. ಗೆರೆ ಕಾಗದದ ಮೇಲೆ ಬಿತ್ತು, ಕಲ್ಲಿಗೆ ಗೊತ್ತಾಗಲಿಲ್ಲ.

ಈ ಊರುಗಳ ಸರಕಾರಿ ಭಾಷೆ ಎಷ್ಟು ಸಲ ಬದಲಾಗಿದೆ ನೋಡಿ. ನಿಜಾಮರ ಕಾಲದಲ್ಲಿ ಕಚೇರಿಯ ಮಾತು ಉರ್ದು. 1956ರ ನಂತರ ತೆಲುಗು. 2014ರಲ್ಲಿ ತೆಲಂಗಾಣ ಆಯಿತು, 2018ರ ಕಾಯ್ದೆಯಿಂದ ಶಾಲೆಗಳಲ್ಲಿ ತೆಲುಗು ಕಲಿಸುವುದು ಕಡ್ಡಾಯವಾಯಿತು. ಇದರಲ್ಲಿ ತಪ್ಪು ಹುಡುಕುತ್ತಿಲ್ಲ, ಒಂದು ರಾಜ್ಯ ತನ್ನ ಭಾಷೆಯನ್ನು ಕಲಿಸುವುದು ಸಹಜ. ನಾನು ಹೇಳುತ್ತಿರುವುದು ಬೇರೆ. ಮೇಲಿನಿಂದ ಬಂದ ಸೆಟ್ಟಿಂಗ್ ಒಂದೊಂದು ಕಾಲಕ್ಕೆ ಒಂದೊಂದು. ಆದರೂ ನಾರಾಯಣಖೇಡದ ಸಂತೆಯಲ್ಲಿ ಮುದುಕಿಯೊಬ್ಬರು ಮೊಮ್ಮಗನಿಗೆ "ಏನ್ ಮಾಡ್ಲತ್ತಿಯೋ, ಬಾ ಈಕಡಿ" ಎಂದು ಬೀದರ್ ಕನ್ನಡದಲ್ಲಿ ಗದರುವುದು ಇವತ್ತಿಗೂ ಕೇಳಿಸುತ್ತದೆ. ಜಹೀರಾಬಾದಿನ ಚಹಾದ ಅಂಗಡಿಯಲ್ಲಿ ದಖನಿ, ತೆಲುಗು, ಕನ್ನಡ ಒಂದೇ ವಾಕ್ಯದಲ್ಲಿ ಓಡುತ್ತವೆ. ಮರಾಠಿಯವರೂ ಇದ್ದಾರೆ. ಯಾವ ಸರಕಾರವೂ ಆ ಮುದುಕಿಗೆ ಕನ್ನಡ ಆಡು ಎಂದು ಆದೇಶ ಕೊಟ್ಟಿರಲಿಲ್ಲ. ಮನೆಯ ಸೆಟ್ಟಿಂಗನ್ನು ಮನೆಯವರೇ ಇಟ್ಟುಕೊಂಡರು.

ಆದರೆ ಅದೇ ಮೊಮ್ಮಗ ಫೋನ್ ತೆಗೆದು ಕಾರ್ ಓಡಿಸಲು ಕೂತರೆ ಅಲ್ಲಿ ಕನ್ನಡ ಇಲ್ಲ, ತೆಲುಗು ಇಲ್ಲ, ಅವನ ಓಣಿಯ ದಖನಿ ಅಂತೂ ಇಲ್ಲವೇ ಇಲ್ಲ. ಮೂರು ಊರಿನ ನಾಲ್ಕು ಭಾಷೆಯ ಹುಡುಗರೂ ಒಂದೇ ಪುಟದ ಮುಂದೆ ಕೂತಿದ್ದಾರೆ: ಇಂಗ್ಲಿಷ್. 1956ರಲ್ಲಿ ಹಾಕಿದ ಗೆರೆಗೂ ಮನೆಯ ಒಳಗೆ ನುಗ್ಗಲು ಆಗಿರಲಿಲ್ಲ. ಈ ಗೆರೆ ಮಗುವಿನ ಹಾಸಿಗೆಯವರೆಗೆ ಬಂದಿದೆ, ಮತ್ತು ಅದನ್ನು ನಾವೇ ಚಾರ್ಜ್ ಮಾಡಿ ಕೊಟ್ಟಿದ್ದೇವೆ.

ಮೊದಲು ಸದ್ದು

ಭಾಷೆಗಿಂತ ಮೊದಲು ಸದ್ದಿನ ಪುಟಕ್ಕೆ ಹೋಗಿ. ಸ್ವಲ್ಪ ಒಳ್ಳೆಯ ಯಾವುದೇ ರೇಸ್ ಗೇಮಿನಲ್ಲಿ ಒಟ್ಟು ಸದ್ದು, ಸಂಗೀತ, ಗಾಡಿಯ ಸದ್ದು, ಮಾತು, ಹೀಗೆ ಬೇರೆ ಬೇರೆ ಪಟ್ಟಿಗಳಿರುತ್ತವೆ. ಕೆಲವು ಗೇಮಿನಲ್ಲಿ ಎಂಜಿನ್ ಬೇರೆ, ಟಯರ್ ಬೇರೆ. ಬೆರಳಿನಿಂದ ಎಳೆದರೆ ಹೆಚ್ಚುತ್ತದೆ, ಇಳಿಯುತ್ತದೆ.

ನಮ್ಮ ಎಷ್ಟೋ ಮನೆಗಳಲ್ಲಿ ಗೇಮಿಗೆ ಮೊದಲ ವಿರೋಧ ಸಂಗೀತದ ಬಗ್ಗೆ. ಸರಿ, ನಿಮ್ಮ ಮನೆಯ ನಿಯಮ ಅದಾದರೆ ಸಂಗೀತದ ಪಟ್ಟಿಯನ್ನು ಸೊನ್ನೆಗೆ ಎಳೆಯಿರಿ. ಅರ್ಧ ನಿಮಿಷದ ಕೆಲಸ. ಅಷ್ಟು ಮಾಡದೆ ಗಂಟೆಗಟ್ಟಲೆ ಹರಾಂ ಹಲಾಲ್ ಚರ್ಚೆ ಮಾಡುವವರನ್ನು ನೋಡಿದರೆ, ಇವರಿಗೆ ಪರಿಹಾರ ಬೇಕೋ ಚರ್ಚೆ ಬೇಕೋ ಎಂಬ ಅನುಮಾನ ಬರುತ್ತದೆ.

ಸಂಗೀತ ಇಳಿಸಿದರೆ ಇನ್ನೊಂದು ಲಾಭ ಇದೆ. ಇದನ್ನು ಮೆಕ್ಯಾನಿಕ್ ಆಗಿ ಹೇಳುತ್ತಿದ್ದೇನೆ. ಗಾಡಿ ಓಡಿಸುವವನಿಗೆ ಅರ್ಧ ಮಾಹಿತಿ ಕಿವಿಯಿಂದ ಬರುತ್ತದೆ. ಎಂಜಿನ್ ಸದ್ದು ಏರುತ್ತ ಹೋಗಿ ಕಿರುಚತೊಡಗಿದರೆ ಮೇಲಿನ ಗೇರಿಗೆ ಹಾಕಬೇಕು, ಗೊರಗೊರ ಎಂದು ನಡುಗಿದರೆ ಕೆಳಗಿನ ಗೇರಿಗೆ ಇಳಿಸಬೇಕು. ತಿರುವಿನಲ್ಲಿ ಟಯರ್ ಕೀರಲು ಶುರುವಾದರೆ ಹಿಡಿತದ ಅಂಚಿಗೆ ಬಂದೆವು ಎಂದರ್ಥ. ಒಳ್ಳೆಯ ಗೇಮುಗಳಲ್ಲಿ ಇದೆಲ್ಲ ನಿಜದ ಹಾಗೆಯೇ ಇರುತ್ತದೆ. ಹಿನ್ನೆಲೆಯಲ್ಲಿ ಹಾಡು ಬಡಿಯುತ್ತಿದ್ದರೆ ಇದೊಂದೂ ಕೇಳಿಸುವುದಿಲ್ಲ. ನನ್ನ ಹತ್ತು ವರ್ಷದ ಮಗನಿಗೆ ಹಾಡು ನಿಲ್ಲಿಸಿ, ಗೇರನ್ನು ಮ್ಯಾನುವಲ್ ಮಾಡಿ ಕೊಟ್ಟೆ. ಮೊದಲ ದಿನ ಮುಖ ಊದಿಸಿಕೊಂಡ. ವಾರ ಕಳೆಯುವುದರೊಳಗೆ ದಾರಿಯಲ್ಲಿ ಹೋಗುವ ನಿಜವಾದ ಟ್ರ್ಯಾಕ್ಟರಿನ ಸದ್ದು ಕೇಳಿ "ಬಾಪಾ, ಅವ ಗೇರ್ ಬದಲಾಯಿಸ್ಲೇ ಇಲ್ಲ" ಅಂದ. ಅವನಿಗೆ ಕಿವಿ ಬಂತು.

ಬರೀ ಸದ್ದಿನಿಂದ ಎಷ್ಟು ದೂರ ಹೋಗಬಹುದು ಎಂಬುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. 2023ರಲ್ಲಿ ಬಂದ ಫೋರ್ಜಾ ಮೋಟಾರ್‌ಸ್ಪೋರ್ಟ್ ಎಂಬ ರೇಸ್ ಗೇಮಿನಲ್ಲಿ ಕಣ್ಣು ಕಾಣದವರೂ ಗಾಡಿ ಓಡಿಸುವ ಹಾಗೆ ಸದ್ದಿನ ಸೂಚನೆಗಳನ್ನು ಇಟ್ಟಿದ್ದಾರೆ. ತಿರುವು ಬರುವುದು, ಬ್ರೇಕ್ ಹಾಕಬೇಕಾದ್ದು, ಗೇರ್ ಬದಲಿಸಬೇಕಾದ್ದು ಎಲ್ಲ ಕಿವಿಗೆ ಗೊತ್ತಾಗುತ್ತದೆ. ಸದ್ದಿನ ಪುಟಕ್ಕೆ ಅವರು ಅಷ್ಟು ಬೆಲೆ ಕೊಟ್ಟಿದ್ದಾರೆ. ನಾವು ಅದನ್ನು ತೆರೆದೂ ನೋಡುವುದಿಲ್ಲ.

ಇನ್ನು ವಾಯ್ಸ್ ಚಾಟ್. ಗೊತ್ತಿಲ್ಲದವರ ಜೊತೆ ಮೈಕ್ ತೆರೆದು ಆಡುವ ಸೌಲಭ್ಯ ಇರುವ ಗೇಮಿನಲ್ಲಿ ಅದನ್ನು ಮೊದಲು ಬಂದ್ ಮಾಡಿ, ಅಥವಾ ಗೆಳೆಯರಿಗೆ ಮಾತ್ರ ಇಡಿ. ನಮ್ಮ ಮಕ್ಕಳು ಹಿಂದಿಯಲ್ಲಿ ಕಲಿತು ಬರುವ ಹೊಲಸು ಬೈಗುಳ ಬಹುಪಾಲು ಬರುವುದು ಆ ಬಾಗಿಲಿನಿಂದ. ಅದನ್ನು ಹಾಕುವ ಚಿಲಕ ಗೇಮಿನೊಳಗೇ ಇದೆ. ಬದಲಿಗೆ ತಮ್ಮನ ಮಗ, ಅಕ್ಕನ ಮಗಳು, ಊರಿನ ಕಸಿನ್‌ಗಳನ್ನು ಆ ಪಟ್ಟಿಗೆ ಸೇರಿಸಿ. ಜಹೀರಾಬಾದಿನಲ್ಲಿ ಕೂತ ಹುಡುಗ ಉಳ್ಳಾಲದಲ್ಲಿರುವ ಕಸಿನ್ ಜೊತೆ ರೇಸ್ ಆಡುತ್ತ "ಮೆಲ್ಲೆ ಪೋ" ಎಂದು ಕೂಗುತ್ತಾನೆ ಎಂದುಕೊಳ್ಳಿ. ಯಾವ ಬ್ಯಾರಿ ತರಗತಿ ಅಷ್ಟು ಚೆನ್ನಾಗಿ ನಡೆಯುತ್ತದೆ, ಹೇಳಿ.

ಅಂಗಡಿಯವನು ಗಿರಾಕಿಯ ಮಾತು ಆಡುತ್ತಾನೆ

ಈಗ ಭಾಷೆಯ ಪುಟ. ಕೆಲವು ಗೇಮಿನಲ್ಲಿ ಅಕ್ಷರದ ಭಾಷೆ ಒಂದು, ಮಾತಿನ ಭಾಷೆ ಇನ್ನೊಂದು ಇಡಬಹುದು. ಕೆಲವದರಲ್ಲಿ ಎರಡೂ ಒಟ್ಟಿಗೇ ಬದಲಾಗುತ್ತವೆ. ಕಂಪ್ಯೂಟರಿನಲ್ಲಿ ಸ್ಟೀಮ್‌ನಿಂದ ಗೇಮ್ ಇಳಿಸಿದವರಾದರೆ ಗೇಮಿನ ಹೆಸರಿನ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್‌ಗೆ ಹೋದರೆ ಭಾಷೆ ಸಿಗುತ್ತದೆ. ಇನ್ನು ಮೊಬೈಲಿನ ಬಹಳಷ್ಟು ಗೇಮುಗಳು ನಿಮ್ಮನ್ನು ಕೇಳುವುದೇ ಇಲ್ಲ. ನಿಮ್ಮ ಫೋನಿನ ಭಾಷೆ ಯಾವುದು ಎಂದು ನೋಡಿ ಅದರ ಹಿಂದೆ ಹೋಗುತ್ತವೆ.

ಇಲ್ಲೇ ನಮ್ಮ ಸೋಲು ಇರುವುದು. ಆಂಡ್ರಾಯ್ಡ್ ಫೋನಿಗೆ ಕನ್ನಡ ಬಂದದ್ದು 2014ರಲ್ಲಿ, ಅದರ 5.0 ಆವೃತ್ತಿಯಲ್ಲಿ. 2016ರ 7.0 ಆವೃತ್ತಿಯಿಂದ ಭಾಷೆಗಳನ್ನು ಸಾಲಾಗಿ ಇಡಬಹುದು: ಮೊದಲು ಕನ್ನಡ, ಆಮೇಲೆ ಇಂಗ್ಲಿಷ್. ಆಪ್‌ನಲ್ಲಿ ಕನ್ನಡ ಇದ್ದರೆ ಕನ್ನಡ ಕಾಣುತ್ತದೆ, ಇಲ್ಲದಿದ್ದರೆ ಎರಡನೆಯದಕ್ಕೆ ಹೋಗುತ್ತದೆ. 2022ರ ಆಂಡ್ರಾಯ್ಡ್ 13ರಲ್ಲಿ ಒಂದೊಂದು ಆಪ್‌ಗೂ ಬೇರೆ ಬೇರೆ ಭಾಷೆ ಇಡುವ ಜಾಗ ಕೊಟ್ಟರು. ಬ್ಯಾಂಕಿನ ಆಪ್ ಇಂಗ್ಲಿಷಿನಲ್ಲೇ ಇರಲಿ ಅನ್ನುವವರಿಗೂ ದಾರಿ ಇದೆ. ಇಷ್ಟೆಲ್ಲ ಇದ್ದೂ ನಮ್ಮ ಮನೆಗಳಲ್ಲಿ ಎಷ್ಟು ಫೋನು ಕನ್ನಡದಲ್ಲಿದೆ? ನಿಮ್ಮ ಮನೆಯ ಟೇಬಲ್ ಮೇಲೆ ಇರುವ ಫೋನುಗಳನ್ನು ಎಣಿಸಿ ನೋಡಿ.

ಇದರಿಂದ ಏನಾಗುತ್ತದೆ ಎಂದು ತಿಳಿಯಲು ನನ್ನ ಬಾಪನ ಅಂಗಡಿಗೆ ಬನ್ನಿ. ಬಾಪ ತುಳು ಬಲ್ಲವರು, ಕನ್ನಡ ಬಲ್ಲವರು, ಕೊಂಕಣಿಯಲ್ಲಿ ಲೆಕ್ಕ ಹೇಳಬಲ್ಲವರು, ಮನೆಯಲ್ಲಿ ಬ್ಯಾರಿ. ಗಿರಾಕಿ ತುಳುವಿನಲ್ಲಿ ಕೇಳಿದರೆ ತುಳು, ಕೊಂಕಣಿಯಲ್ಲಿ ಕೇಳಿದರೆ ಕೊಂಕಣಿ. ಗಿರಾಕಿ ಒಬ್ಬ ಬ್ಯಾರಿಯೇ ಆಗಿದ್ದು ಸ್ಟೈಲ್ ಮಾಡಿಕೊಂಡು ಹಿಂದಿಯಲ್ಲಿ ಕೇಳಿದರೆ ಬಾಪನೂ ಹಿಂದಿಯಲ್ಲೇ ಉತ್ತರ ಕೊಡುತ್ತಾರೆ. ವ್ಯಾಪಾರಿಗೆ ಗಿರಾಕಿಯ ಬಾಯಿಯೇ ಪ್ರಮಾಣ.

ಗೇಮ್ ಮಾಡುವವರೂ ವ್ಯಾಪಾರಿಗಳೇ. ಪ್ಲೇ ಸ್ಟೋರಿನಲ್ಲಿ ಆಪ್ ಇಟ್ಟವರಿಗೆ ಗೂಗಲ್ ಒಂದು ಲೆಕ್ಕದ ಪುಟ ಕೊಡುತ್ತದೆ. ಯಾವ ದೇಶದಲ್ಲಿ, ಯಾವ ಭಾಷೆ ಇಟ್ಟ ಫೋನುಗಳಲ್ಲಿ ಎಷ್ಟು ಸಲ ಇನ್‌ಸ್ಟಾಲ್ ಆಯಿತು ಎಂದು ಅಲ್ಲಿ ಕಾಣುತ್ತದೆ. ಮಂಗಳೂರಿನ ಫೋನು, ಬೀದರಿನ ಫೋನು, ತಾಂಡೂರಿನ ಫೋನು ಎಲ್ಲ ಇಂಗ್ಲಿಷಿನಲ್ಲೇ ಇದ್ದರೆ ಆ ಪುಟದಲ್ಲಿ ಕನ್ನಡದವರು ಯಾರೂ ಇಲ್ಲ ಎಂದೇ ಬರುತ್ತದೆ. ಆಮೇಲೆ ಕನ್ನಡದಲ್ಲಿ ಏಕೆ ಕೊಡಲಿಲ್ಲ ಎಂದು ಯಾರನ್ನು ಕೇಳುತ್ತೀರಿ? ನಾವು ಕೌಂಟರಿನ ಮುಂದೆ ನಿಂತು ಬಾಯಿ ಬಿಡಲಿಲ್ಲ.

ನಮ್ಮ ಸಂಖ್ಯೆ ಸಾಲದು ಅನ್ನಬೇಡಿ. 2011ರ ಜನಗಣತಿಯಲ್ಲಿ ಕನ್ನಡ ಮಾತೃಭಾಷೆ ಎಂದು ಬರೆಸಿದವರು ಸುಮಾರು 4 ಕೋಟಿ 37 ಲಕ್ಷ. ಫಿನ್‌ಲ್ಯಾಂಡ್, ನಾರ್ವೆ, ಡೆನ್ಮಾರ್ಕ್ ಮೂರೂ ದೇಶದ ಜನರನ್ನು ಸೇರಿಸಿದರೂ 2 ಕೋಟಿ ಆಗುವುದಿಲ್ಲ. ಆದರೂ ಸ್ಟೀಮ್ ಎಂಬ ಗೇಮ್ ಅಂಗಡಿಯ ಪರದೆಯನ್ನು ಆ ಮೂರೂ ದೇಶದ ಭಾಷೆಗೆ ಬದಲಿಸಿಕೊಳ್ಳಬಹುದು, ಕನ್ನಡಕ್ಕೆ ಆಗುವುದಿಲ್ಲ. ಅವರು ದುಡ್ಡು ಕೊಟ್ಟು ಗೇಮ್ ಕೊಳ್ಳುತ್ತಾರೆ, ನಮ್ಮವರು ಬಿಟ್ಟಿ ಆಡುತ್ತಾರೆ ಎಂಬ ಮಾತಿದೆ. ಅದು ಅರ್ಧ ನಿಜ. ಇನ್ನರ್ಧ ಏನೆಂದರೆ, ಅವರು ತಮ್ಮ ಭಾಷೆಯನ್ನು ಕೇಳಿದರು, ಸಿಕ್ಕಿದ ಕಡೆ ಬಳಸಿದರು. ನಾವು ಸಿಕ್ಕಿದ್ದನ್ನೂ ಬಳಸುವುದಿಲ್ಲ. 2018ರಿಂದ ಗೂಗಲ್ ಮ್ಯಾಪ್ಸ್ ಕನ್ನಡದಲ್ಲಿ ದಾರಿ ಹೇಳುತ್ತದೆ. "ಎಡಕ್ಕೆ ತಿರುಗಿ" ಎಂದು ಫೋನು ಕನ್ನಡದಲ್ಲಿ ಹೇಳಬಲ್ಲದು. ನಿಜವಾದ ರಸ್ತೆಯಲ್ಲಿ ಆಗುವ ಕೆಲಸ ಆಟದ ರಸ್ತೆಯಲ್ಲಿ ಏಕೆ ಆಗದು?

ಮೂರು ನೆಪಗಳು

ಮೊದಲನೆಯ ನೆಪ: ಗೇಮ್ ಇಂಗ್ಲಿಷಿನಲ್ಲಿ ಇದ್ದರೆ ಮಗುವಿನ ಇಂಗ್ಲಿಷ್ ಸುಧಾರಿಸುತ್ತದೆ. ಸ್ಟಾರ್ಟ್, ಅಪ್‌ಗ್ರೇಡ್, ನೈಟ್ರೋ, ಗೇಮ್ ಓವರ್. ಈ ಹತ್ತಿಪ್ಪತ್ತು ಪದದಿಂದ ಯಾರಿಗೂ ಇಂಗ್ಲಿಷ್ ಬಂದದ್ದು ನಾನು ನೋಡಿಲ್ಲ. ಇಂಗ್ಲಿಷ್ ಬೇಕಾದರೆ ಶಾಲೆ ಇದೆ, ಪುಸ್ತಕ ಇದೆ, ಓದಿಸಿ. ಆಟದ ಹೊತ್ತು ಬೇರೆ. ಮಗು ಅತ್ಯಂತ ಖುಷಿಯಲ್ಲಿರುವ ಹೊತ್ತದು. ಖುಷಿಯ ಹೊತ್ತಿನಲ್ಲಿ ಮನೆಮಾತು ಒಮ್ಮೆಯೂ ಕೇಳಿಸದಿದ್ದರೆ, ಮನೆಮಾತು ಎಂದರೆ ಊಟಕ್ಕೆ ಕರೆಯಲು, ಗದರಲು ಮಾತ್ರ ಎಂದು ಮಗು ತಿಳಿಯುತ್ತದೆ. ಹಾಗೆ ತಿಳಿದ ಮಗುವಿಗೆ ದೊಡ್ಡವನಾದ ಮೇಲೆ ನನ್ನ ಉಮ್ಮನ ಬ್ಯಾರಿಯಲ್ಲಿ ಏನು ರುಚಿ ಕಾಣಬೇಕು? ಫೋನಿನಲ್ಲಿ ಉಮ್ಮ ಬ್ಯಾರಿಯಲ್ಲಿ ಕೇಳುತ್ತಾರೆ, ಈಚೆಯಿಂದ ಮೊಮ್ಮಕ್ಕಳು "ಹಾಂ, ಹಾಂ" ಅನ್ನುತ್ತಾರೆ, ಎರಡು ನಿಮಿಷಕ್ಕೆ ಮಾತು ಮುಗಿಯುತ್ತದೆ. ಊರು ಬಿಟ್ಟು ದುಡಿಯುವ ಪ್ರತಿ ಬ್ಯಾರಿ ಮನೆಯಲ್ಲೂ ಈ ಎರಡು ನಿಮಿಷದ ಫೋನು ಇದೆ. ನಾನು ಇಷ್ಟು ಉದ್ದ ಬರೆಯುತ್ತಿರುವುದು ಆ ಎರಡು ನಿಮಿಷಕ್ಕಾಗಿ.

ಎರಡನೆಯ ನೆಪ ಭಾಷಾ ಪಂಡಿತರದ್ದು. ಕನ್ನಡದಲ್ಲಿ ಗೇಮಿಗೆ ಪದಗಳೇ ಇಲ್ಲ, ಮೊದಲು ಪದಕೋಶ ಆಗಬೇಕು. ಆಮೇಲೆ ಕೂತು ಆಕ್ಸಿಲರೇಟರಿಗೆ ವೇಗವರ್ಧಕ, ಬ್ರೇಕಿಗೆ ಗತಿರೋಧಕ ಎಂದು ಬರೆಯುತ್ತಾರೆ. ಅದನ್ನು ನೋಡಿದ ಮಗು ಓಡಿಹೋಗಿ ಇಂಗ್ಲಿಷಿಗೆ ಬದಲಿಸುತ್ತದೆ, ಮಗುವಿನ ತಪ್ಪಲ್ಲ. ಸ್ವಾಮಿ, ಒಮ್ಮೆ ಗ್ಯಾರೇಜಿಗೆ ಬನ್ನಿ. ಗೇರು, ಕ್ಲಚ್ಚು, ಬ್ರೇಕು ಕನ್ನಡದಲ್ಲಿ ಹುಟ್ಟಿದ ಹಾಗೇ ಇವೆ. ಪಿಕಪ್ ಇಲ್ಲ, ಬ್ರೇಕ್ ಹಿಡೀತಿಲ್ಲ, ಸ್ಟೇರಿಂಗ್ ಎಳೀತಾ ಇದೆ, ಗಾಡಿ ಬಿಸಿ ಆಗಿದೆ, ಕಟ್ ಹೊಡೆದ, ಸೈಡ್ ಕೊಡಲಿಲ್ಲ. ಬೀದರಿನಿಂದ ಕಾಸರಗೋಡಿನವರೆಗೆ ಡ್ರೈವರುಗಳು ಆಡುವ ಕನ್ನಡ ಇದು. ಒಂದು ರೇಸ್ ಗೇಮನ್ನು ನಡೆಸಲು ಇಷ್ಟು ಸಾಕು. ಪದ ಇಲ್ಲ ಅನ್ನುವವರು ಬಸ್ಸಿನ ಮುಂದಿನ ಸೀಟಿನಲ್ಲಿ ಕೂತವರಲ್ಲ.

ಮೂರನೆಯದು ನಮ್ಮವರದೇ ನೆಪ. ಕನ್ನಡಕ್ಕೇ ಗತಿ ಇಲ್ಲ, ಇನ್ನು ಬ್ಯಾರಿಗೆ ಎಲ್ಲಿಂದ? ನಮ್ಮದು ಸಣ್ಣ ಭಾಷೆ, ಮಾರ್ಕೆಟ್ ಇಲ್ಲ. ಈ ಮಾತನ್ನು ಸಿನಿಮಾಕ್ಕೂ ಹೇಳಿದ್ದರು. ಬ್ಯಾರಿ ಭಾಷೆಯ ಮೊದಲ ಸಿನಿಮಾ 'ಬ್ಯಾರಿ' 2011ರ ಸಾಲಿನ ಅತ್ಯುತ್ತಮ ಚಿತ್ರದ ರಾಷ್ಟ್ರಪ್ರಶಸ್ತಿಯನ್ನು ಮರಾಠಿಯ 'ದೇವೂಳ್' ಜೊತೆ ಹಂಚಿಕೊಂಡಿತು. ಅಕಾಡೆಮಿ ಬಾರದು ಎಂದವರೂ ಇದ್ದರು, 2007ರಲ್ಲಿ ಕರ್ನಾಟಕ ಬ್ಯಾರಿ ಸಾಹಿತ್ಯ ಅಕಾಡೆಮಿ ಆಯಿತು. ಗೂಗಲ್ ಟ್ರಾನ್ಸ್‌ಲೇಟಿಗೆ 2022ರಲ್ಲಿ ಕೊಂಕಣಿ ಬಂತು, 2024ರಲ್ಲಿ ತುಳು ಬಂತು. ನೆರೆಮನೆಯವರು ಬಾಗಿಲು ತಟ್ಟಿ ಒಳಗೆ ಹೋಗಿ ಕೂತಿದ್ದಾರೆ. ನಾವು ಹೊರಗೆ ನಿಂತು ಬಾಗಿಲು ಸಣ್ಣದು ಅನ್ನುತ್ತಿದ್ದೇವೆ.

ಇನ್ನೂ ಸಣ್ಣ ಗುಂಪಿನ ಉದಾಹರಣೆ ಬೇಕೇ? ಮೆಕ್ಸಿಕೋದ ರಸ್ತೆಗಳಲ್ಲಿ ನಡೆಯುವ ಫೋರ್ಜಾ ಹೊರೈಜನ್ 5 ಎಂಬ ರೇಸ್ ಗೇಮ್ 2021ರ ನವೆಂಬರಿನಲ್ಲಿ ಬಂತು. 2022ರ ಮಾರ್ಚಿನಲ್ಲಿ ಅದರ ಕತೆಯ ದೃಶ್ಯಗಳಿಗೆ ಅಮೆರಿಕದ ಮತ್ತು ಬ್ರಿಟನ್ನಿನ ಸನ್ನೆ ಭಾಷೆ ಸೇರಿಸಿದರು. ಪರದೆಯ ಮೂಲೆಯಲ್ಲಿ ಒಬ್ಬರು ನಿಂತು ಕೈಸನ್ನೆಯಲ್ಲಿ ಮಾತನ್ನು ಹೇಳುತ್ತಾರೆ. ಕಿವಿ ಕೇಳದವರು ತಮಗೂ ಬೇಕು ಎಂದರು, ಸಿಕ್ಕಿತು. ಕೇಳಿದವರಿಗೆ ಕೊಡುತ್ತಾರೆ.

ಕೊಡದಿದ್ದರೆ ನಾವೇ ಹಾಕೋಣ

ಕೊಡುವವರೆಗೆ ಕಾಯಬೇಕಾಗಿಯೂ ಇಲ್ಲ. ನಾರಾಯಣಖೇಡದ ಮೊಬೈಲ್ ಅಂಗಡಿಯ ಕಟ್ಟೆಯ ಮೇಲೆ ಸಂಜೆ ಕೂತ ಹುಡುಗರ ಫೋನಿನಲ್ಲಿ ಬಸ್ ಸಿಮ್ಯುಲೇಟರ್ ಇಂಡೋನೇಷಿಯಾ ಎಂಬ ಗೇಮ್ ಇರುತ್ತದೆ. 2017ರಲ್ಲಿ ಬಂದದ್ದು. ಅದು ರೇಸ್ ಗೇಮ್ ಅಲ್ಲ, ಆದರೆ ನಮ್ಮ ಹುಡುಗರು ಬಸ್ಸನ್ನೂ ರೇಸಿನ ಹಾಗೇ ಓಡಿಸುತ್ತಾರೆ. ಅದರೊಳಗೆ ಇಂಡೋನೇಷಿಯಾದ ಬಸ್ಸುಗಳ 'ತೆಲೋಲೆತ್' ಎಂಬ ಸಂಗೀತದ ಹಾರನ್ ಇದೆ. ಅಲ್ಲಿನ ಮಕ್ಕಳು ರಸ್ತೆ ಬದಿ ನಿಂತು ಡ್ರೈವರುಗಳನ್ನು ಬೇಡಿ ಹೊಡೆಸಿಕೊಳ್ಳುತ್ತಿದ್ದ ಹಾರನ್. ತಮ್ಮ ಊರಿನ ಸದ್ದನ್ನು ಅವರು ನಾಚಿಕೆ ಇಲ್ಲದೆ ಗೇಮಿಗೆ ಹಾಕಿದರು. ಇವತ್ತು ಅದು ನಾರಾಯಣಖೇಡದ ಕಟ್ಟೆಯ ಮೇಲೆ ಕೂಗುತ್ತಿದೆ. ಆಡುವವರೇ ಬಸ್ಸಿನ ಬಣ್ಣ ಬದಲಿಸಬಹುದಾದ್ದರಿಂದ ನಮ್ಮ ಕಡೆಯ ಹುಡುಗರು ಕೇರಳದ ಬಸ್ಸು, ಕರ್ನಾಟಕದ ಸರಕಾರಿ ಬಸ್ಸು ಎಲ್ಲ ಹಾಕಿಕೊಂಡಿದ್ದಾರೆ. ಬಣ್ಣ ನಮ್ಮದು ಹಾಕಲು ಬರುತ್ತದೆ. ಮಾತು ನಮ್ಮದು ಹಾಕಲು ಯಾಕೆ ಬರುವುದಿಲ್ಲ?

ಮಾತು ಹಾಕಿದವರೂ ಇದ್ದಾರೆ. 2004ರಲ್ಲಿ ಬಂದ ರಿಚರ್ಡ್ ಬರ್ನ್ಸ್ ರ‍್ಯಾಲಿ ಎಂಬ ಹಳೆಯ ಕಂಪ್ಯೂಟರ್ ಗೇಮ್ ಇದೆ. ರ‍್ಯಾಲಿಯಲ್ಲಿ ಡ್ರೈವರನ ಪಕ್ಕ ಕೋ-ಡ್ರೈವರ್ ಕೂತು ಮುಂದಿನ ದಾರಿಯನ್ನು ಓದಿ ಹೇಳುತ್ತಾನೆ. ಎಡ, ಬಲ, ತಿರುವು ಎಷ್ಟು ಬಿಗಿ ಎಂದು ತಿಳಿಸುವ ಅಂಕಿ, ಎಷ್ಟು ಮೀಟರ್ ದೂರ, ಮುಂದೆ ಏರಿದೆ, ಹಾರುತ್ತದೆ, ಬ್ರೇಕ್ ಹಾಕು. ಆ ಗೇಮಿನ ಕಂಪೆನಿ ಸುಮ್ಮನಾದ ಮೇಲೂ ಆಡುವವರು ಅದನ್ನು ಬಿಡಲಿಲ್ಲ. ಬೇರೆ ಬೇರೆ ದೇಶದವರು ಕೋ-ಡ್ರೈವರನ ಮಾತುಗಳನ್ನು ತಮ್ಮ ಭಾಷೆಯಲ್ಲಿ, ತಮ್ಮದೇ ದನಿಯಲ್ಲಿ ರೆಕಾರ್ಡ್ ಮಾಡಿ ಹಳೆಯ ಫೈಲುಗಳ ಜಾಗಕ್ಕೆ ಹಾಕಿಕೊಂಡರು. ಮೈಕು, ಕಂಪ್ಯೂಟರು, ಕೆಲವು ಸಂಜೆ. ಬೇಕಾದ್ದು ಅಷ್ಟೇ.

ರ‍್ಯಾಲಿಯಲ್ಲಿ ಭಾಷೆ ಶೋಕಿಯ ವಿಷಯವಲ್ಲ. ಅಷ್ಟು ವೇಗದಲ್ಲಿ ಹೋಗುವವನಿಗೆ ಕೇಳಿದ ಮಾತು ತಕ್ಷಣ ಕೈಗೆ ಇಳಿಯಬೇಕು, ತಲೆಯಲ್ಲಿ ಅನುವಾದ ಮಾಡಲು ಹೊತ್ತಿಲ್ಲ. ಫ್ರಾನ್ಸಿನ ಸೆಬಾಸ್ಟಿಯನ್ ಲೋಬ್ ಒಂಬತ್ತು ಸಲ ವಿಶ್ವ ಚಾಂಪಿಯನ್ ಆದದ್ದು ಫ್ರೆಂಚಿನಲ್ಲಿ ದಾರಿ ಕೇಳಿಕೊಂಡು. ಫಿನ್‌ಲ್ಯಾಂಡಿನ ಕಾಲೆ ರೊವಾನ್‌ಪೆರಾ 22ನೆಯ ವಯಸ್ಸಿಗೆ ವಿಶ್ವ ಚಾಂಪಿಯನ್ ಆದಾಗ ಪಕ್ಕದಲ್ಲಿದ್ದವರು ಫಿನ್ನಿಶ್‌ನಲ್ಲಿ ಓದುತ್ತಿದ್ದರು. ಜಗತ್ತು ಗೆಲ್ಲಲು ಮನೆಮಾತು ಅಡ್ಡ ಬರಲಿಲ್ಲ.

ಪಕ್ಕದ ಸೀಟಿನಲ್ಲಿ ಕೂತು ದಾರಿ ಹೇಳುವ ಈ ಕೆಲಸದಲ್ಲಿ ದೇಶಕ್ಕೇ ದೊಡ್ಡ ಹೆಸರು ನಮ್ಮ ನೆರೆಯವರದೇ. ಕಾಸರಗೋಡಿನ ಮೂಸಾ ಶರೀಫ್, ಗೌರವ್ ಗಿಲ್ ಅವರ ಪಕ್ಕ ಕೂತು ರಾಷ್ಟ್ರೀಯ ರ‍್ಯಾಲಿ ಚಾಂಪಿಯನ್‌ಶಿಪ್ ಗೆದ್ದವರು. ನಮ್ಮ ಮಕ್ಕಳಲ್ಲಿ ಎಷ್ಟು ಜನರಿಗೆ ಆ ಹೆಸರು ಗೊತ್ತು? ಗೇಮಿನಲ್ಲಿ ಬರುವ ವಿದೇಶದ ಡ್ರೈವರುಗಳ ಹೆಸರೆಲ್ಲ ಬಾಯಿಪಾಠ ಇರುತ್ತದೆ.

ಬ್ಯಾರಿಗೆ ಇಲ್ಲಿ ಇನ್ನೊಂದು ಅನುಕೂಲ ಇದೆ. ಕನ್ನಡ ಲಿಪಿಯಲ್ಲಿ ಬರೆಯಬೇಕೋ, 2020ರಲ್ಲಿ ಬಂದ ಬ್ಯಾರಿ ಲಿಪಿಯಲ್ಲಿ ಬರೆಯಬೇಕೋ ಎಂದು ನಮ್ಮಲ್ಲಿ ಮಾತು ನಡೆಯುತ್ತಲೇ ಇದೆ. ದನಿಗೆ ಲಿಪಿ ಬೇಡ. ಶತಮಾನಗಳಿಂದ ಬಾಯಿಂದ ಬಾಯಿಗೆ ಬಂದ ಭಾಷೆಗೆ ಹೇಳಿ ಮಾಡಿಸಿದ ಜಾಗ ಗೇಮಿನ ಸದ್ದಿನ ಪುಟ. ಒಂದು ರ‍್ಯಾಲಿ ಗೇಮಿನಲ್ಲಿ ಕೋ-ಡ್ರೈವರನಿಗೆ ಬೇಕಾಗುವ ಮಾತು ಹೆಚ್ಚೇನಿಲ್ಲ. ಎಡ, ಬಲ, ಹತ್ತಿಪ್ಪತ್ತು ಅಂಕಿ, ಏರು, ಇಳಿ, ಕಲ್ಲು, ನೀರು, ಸೇತುವೆ, ಮೆಲ್ಲ, ಜೋರು, ಇನ್ನೂ ಒಂದಿಷ್ಟು. ಮಂಗಳೂರಿನ ಬ್ಯಾರಿ ಒಂದು ಬಗೆ, ಪುತ್ತೂರಿನ ಕಡೆಯದು ಒಂದು ಬಗೆ, ಕುಂಬಳೆಯದು ಇನ್ನೊಂದು ಬಗೆ. ಯಾವುದು ಶುದ್ಧ ಎಂದು ಜಗಳ ಆಡುವ ಬದಲು ಮೂರನ್ನೂ ರೆಕಾರ್ಡ್ ಮಾಡಿ, ಮಕ್ಕಳು ಬೇಕಾದ್ದನ್ನು ಆರಿಸಿಕೊಳ್ಳಲಿ.

ಹಾಗಾಗಿ ಅಕಾಡೆಮಿಯವರಿಗೆ, ನಮ್ಮ ಯುವಕರ ಸಂಘಗಳಿಗೆ ನನ್ನ ಬೇಡಿಕೆ ಇದು. ಮುಂದಿನ ಸಮ್ಮೇಳನದಲ್ಲಿ ಭಾಷೆ ಉಳಿಸುವ ಬಗ್ಗೆ ಒಂದು ಗೋಷ್ಠಿ ಕಡಿಮೆ ಮಾಡಿ. ಆ ಕೊಠಡಿಯಲ್ಲಿ ಎರಡು ಮೈಕು, ಎರಡು ಕಂಪ್ಯೂಟರು ಇಡಿ, ಇಂಜಿನಿಯರಿಂಗ್ ಓದುವ ನಾಲ್ಕು ಹುಡುಗ ಹುಡುಗಿಯರನ್ನು ಕೂರಿಸಿ. ಅಜ್ಜಿಯರನ್ನೂ ಬಸ್ ಡ್ರೈವರುಗಳನ್ನೂ ಕರೆದು ಆ ಮಾತುಗಳನ್ನು ಹೇಳಿಸಿ, ಫೈಲು ಮಾಡಿ ಎಲ್ಲರಿಗೂ ಬಿಟ್ಟಿ ಕೊಡಿ. ಶಾಲು ಹಾರದ ಖರ್ಚಿನಲ್ಲಿ ಆಗುವ ಕೆಲಸ.

ಮನೆಯವರ ಕೆಲಸ ಇನ್ನೂ ಸಣ್ಣದು. ಇವತ್ತು ರಾತ್ರಿ ಮಗುವಿನ ಪಕ್ಕ ಕೂತು ಫೋನಿನ ಭಾಷೆಯಲ್ಲಿ ಕನ್ನಡವನ್ನು ಮೇಲೆ, ಇಂಗ್ಲಿಷನ್ನು ಕೆಳಗೆ ಇಡಿ. ಗೇಮಿನ ಸಂಗೀತ ಇಳಿಸಿ ಎಂಜಿನ್ ಏರಿಸಿ. ಗೊತ್ತಿಲ್ಲದವರ ವಾಯ್ಸ್ ಚಾಟ್ ಮುಚ್ಚಿ, ಕುಟುಂಬದ ಮಕ್ಕಳನ್ನು ಸೇರಿಸಿ. ಗೇಮಿನಲ್ಲಿ ಕನ್ನಡ ಇಲ್ಲದಿದ್ದರೆ ಪ್ಲೇ ಸ್ಟೋರಿನ ಅಭಿಪ್ರಾಯದ ಜಾಗದಲ್ಲಿ ಕನ್ನಡ ಬೇಕು ಎಂದು ಕನ್ನಡದಲ್ಲೇ ಒಂದು ಸಾಲು ಬರೆಯಿರಿ. ಆಮೇಲೆ ಮಗು ಓಡಿಸುವಾಗ ಪಕ್ಕದಲ್ಲಿ ಕೂತು ದಾರಿಯನ್ನು ಬ್ಯಾರಿಯಲ್ಲಿ ನೀವೇ ಕೂಗಿ ಹೇಳಿ. ಮಗು ಗೋಡೆಗೆ ಗುದ್ದುತ್ತದೆ, ನಗುತ್ತದೆ, ತಿರುಗಿ ಬ್ಯಾರಿಯಲ್ಲೇ ನಿಮಗೆ ಬೈಯುತ್ತದೆ. ಬೈಯಲಿ ಬಿಡಿ. ಇಷ್ಟು ಮಾಡಿದ ಮೇಲೆ ವೇದಿಕೆ ಹತ್ತಿ ಮೊಬೈಲ್ ಬಗ್ಗೆ ಭಾಷಣ ಮಾಡಿ, ಮುಂದಿನ ಸಾಲಿನಲ್ಲಿ ಕೂತು ಕೇಳುತ್ತೇನೆ.